ಮೂರನೇ ಸಾಲಿನ ಇಳಿತ

ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳನ್ನು ಕೂಡಿಹಾಕಿದ್ದ ಕೋಣೆಗೆ ಕಿಟಕಿ ಇತ್ತು, ಫ್ಯಾನಿತ್ತು, ಲ್ಯಾಪ್‌ಟಾಪೂ ಇತ್ತು. ಚಿಲಕ ಮಾತ್ರ ಹೊರಗಿತ್ತು.

ಊರು ತಾಯಲೂರು, ಹುಡುಗಿ ಅನಿತ. ಕೋಲಾರದ ಕಾಲೇಜಿನಲ್ಲಿ ಹಳ್ಳಿ ಹೆಂಗಸರ ಹಾಡುಗಳನ್ನು ಕಂಪ್ಯೂಟರಿಗೆ ತುಂಬಿ, ಯಾವ ಊರಿನ ರಾಗ ಯಾವ ಊರಿನ ರಾಗಕ್ಕೆ ನೆಂಟ ಎಂದು ಹುಡುಕುತ್ತಿದ್ದವಳು. ಮದುವೆ ಬೇಡ ಎಂದಿದ್ದಕ್ಕೆ ಅಪ್ಪ ಕೋದಂಡರಾಮಪ್ಪ ಓದು ಬಿಡಿಸಿ ಬಾಗಿಲು ಹಾಕಿಸಿದ್ದ. ಬೀಗದ ಕೈ ಅಜ್ಜಿ ಆದಿಲಕ್ಷ್ಮಿಯ ಸೊಂಟದಲ್ಲಿತ್ತು.

ಅನಿತಳಿಗೆ ನುಂಗಲಾಗದ್ದು ಅದೇ. ಏಳು ಬಾಗಿಲ ಹಿಂದೆ ಕೂತ ರಾಜಕುಮಾರಿಯ ಕಥೆ ಹೇಳಿ ಮಲಗಿಸುತ್ತಿದ್ದವಳು ಈ ಅಜ್ಜಿ. "ನಿನ್ನನ್ನ ಯಾರಾದ್ರೂ ಕೂಡಿಹಾಕಿದ್ರೆ ನಾನು ಬಿಡಿಸ್ತೀನಿ ಕಣೇ" ಎಂದು ಮಾತು ಕೊಟ್ಟಿದ್ದವಳೂ ಇವಳೇ. ಈಗ ತಟ್ಟೆ ಒಳಗಿಟ್ಟು, ಬೀಗ ಜಡಿದು, ಕುರುಡುಮಲೆಯ ಗಣೇಶನ ಗುಡಿಗೆ ಹೊರಟುಬಿಡುತ್ತಿದ್ದಳು. ಸಂಜೆ ಬಂದಾಗ ಗಂಟಲು ಕಟ್ಟಿರುತ್ತಿತ್ತು.

"ಅಷ್ಟೊತ್ತು ಅಲ್ಲೇನಜ್ಜಿ ಮಾಡ್ತೀಯ?"

"ನಿನ್ನ ಮದ್ವೆ ವಿಷ್ಯಾನೇ ಕಣೇ. ಹರಕೆ."

ನಿಶ್ಚಿತಾರ್ಥಕ್ಕೆ ರಾಯಲ್ಪಾಡಿನಿಂದ ಗಂಡಿನ ಕಡೆಯವರು ಬಂದರು. ಎರಡೂ ಕಡೆಯ ಮುದುಕಿಯರು ಬಿಗುವಿನಿಂದ ಕೈಮುಗಿದರು. ವರ ಕದಿರೇಶ್ ತಲೆ ಎತ್ತಲಿಲ್ಲ; ಅವನ ಅಂಗೈಯಡಿ ಫೋನು ನಡುಗುತ್ತಲೇ ಇತ್ತು.

ತಾಂಬೂಲ ಬದಲಾಯಿಸುವ ಹೊತ್ತಿಗೆ ಆದಿಲಕ್ಷ್ಮಿ ತಡೆದಳು. "ಬೆಡಗು ಯಾವ್ದು ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಗಂಡಿನ ಕಡೆಯವರಿಗೂ ಗೊತ್ತಿರಲಿಲ್ಲ; ಗಡಿಯಾಚೆಯಿಂದ ಬಂದ ಮನೆತನ, ಬೆಡಗಿನ ಹೆಸರು ಮರೆತುಹೋಗಿತ್ತು. ಒಂದೇ ಬೆಡಗಾದರೆ, ಅಂದರೆ ಒಂದೇ ಮೂಲದ ಕುಲವಾದರೆ, ಗಂಡು ಹೆಣ್ಣು ಅಣ್ಣತಂಗಿ. ಉಳಿದ ಗುರುತು ಮನೆದೇವರ ಹಾಡೊಂದೇ; ಅದನ್ನು ಬೆಡಗಿನ ಹೊರಗೆ ಯಾರೂ ಕಲಿಸುವುದಿಲ್ಲ. ಗಂಡಿನ ಮನೆಯಲ್ಲಿ ಅದು ಬರುತ್ತಿದ್ದುದು ಅವನ ಅಜ್ಜಿ ಶಾಮಲಮ್ಮನಿಗೆ ಮಾತ್ರ. ಆಕೆ ತೆಲುಗಿನಲ್ಲಿ ಹಾಡಿದಳು. ಆದಿಲಕ್ಷ್ಮಿ ಕನ್ನಡದಲ್ಲಿ ಹಾಡಿದಳು.

"ಪದಾನೇ ಬೇರೆ. ಮುಗೀತಲ್ಲ" ಎಂದ ಕೋದಂಡರಾಮಪ್ಪ.

"ಪದ ಬಿಡೋ. ರಾಗ ಎಲ್ಲೋ ಕೇಳ್ದಂಗೈತೆ" ಎಂದಳು ಅವನ ತಾಯಿ ಆದಿಲಕ್ಷ್ಮಿ. "ನಿನ್ನ ಮಗಳ ಯಂತ್ರ ಐತಲ್ಲ, ಅದನ್ನ ಕೇಳು. ಅದಕ್ಕೇನೂ ನಿನ್ನ ಕಂಡ್ರೆ ಭಯವಿಲ್ಲ."

ಅನಿತ ಎರಡೂ ಹಾಡನ್ನು ಮತ್ತೆ ಹಾಡಿಸಿ ಕಂಪ್ಯೂಟರಿಗೆ ತುಂಬಿದಳು. ಹೊಂದದಿದ್ದರೆ ಇವತ್ತೇ ಉಂಗುರ.

ಪರದೆಯ ಮೇಲೆ ಅಜ್ಜಿಯ ಹಾಡಿನ ನೀಲಿ ಗೆರೆ ಎದ್ದಿತು. ಶಾಮಲಮ್ಮನ ಕೆಂಪು ಗೆರೆ ಬಂದು ಅದರ ಮೇಲೇ ಮಲಗಿತು. ಮೂರನೇ ಸಾಲಿನಲ್ಲಿ ಅಜ್ಜಿಯ ಸ್ವರ ತಟ್ಟನೆ ಇಳಿಯುವ ಜಾಗದಲ್ಲಿ ಕೆಂಪೂ ಇಳಿಯಿತು. ಬೇರಾವ ಊರಿನ ಹಾಡಿನಲ್ಲೂ ಅನಿತ ಆ ಇಳಿತ ಕಂಡಿರಲಿಲ್ಲ.

"ಅಯ್ಯೋ, ಅಣ್ಣತಂಗಿ!" ಯಾರೋ ಉಸುರಿದರು. ಕದಿರೇಶ್ ಮೊದಲ ಸಲ ತಲೆಯೆತ್ತಿದ. ಅವನ ಮುಖದಲ್ಲಿ ದುಃಖವೇನೂ ಕಾಣಲಿಲ್ಲ.

ಕೋದಂಡರಾಮಪ್ಪ ತಾಂಬೂಲದ ತಟ್ಟೆ ಕೆಳಗಿಟ್ಟ. "ಎಂಥ ಪಾಪ ತಪ್ತಮ್ಮ ನಿನ್ನ ಓದಿಂದ. ನಾಳೇನೇ ಕಾಲೇಜಿಗೆ ಹೊರಡು."

ಆದಿಲಕ್ಷ್ಮಿ ಸೊಂಟದಿಂದ ಬೀಗದ ಕೈ ಬಿಚ್ಚಿ ಮೊಮ್ಮಗಳ ಅಂಗೈಗಿಟ್ಟಳು. ಹೊರಟು ನಿಂತ ಶಾಮಲಮ್ಮ ಆದಿಲಕ್ಷ್ಮಿಯ ಕಿವಿಗೆ ಬಗ್ಗಿದಳು.

"ಅಕ್ಕಾ, ಕುರುಡುಮಲೇಲಿ ನೀನು ಕಲಿಸುವಾಗ ನಾನು ಅಷ್ಟು ಸಲ ತಪ್ತಿದ್ದೆ. ಇವತ್ತು ಮೂರನೇ ಸಾಲು ಸರಿಯಾಗಿ ಬಂತಲ್ಲ?"