ಪಂಕ್ತಿಭೇದ

ಕೊನೆಯ ಹಂದಿಯನ್ನು ತೂಕದ ಯಂತ್ರದಿಂದ ಇಳಿಸಿದ ಮೇಲೆ ಸೊಸೆ ಎರಡೂ ದೊಡ್ಡಿಗಳ ತೂಕ ಕೂಡಿದಳು. ನಂಬಿಕೆ ಬಾರದೆ ಮತ್ತೊಮ್ಮೆ ಕೂಡಿದಳು. ಎಡದೊಡ್ಡಿಯ ಹನ್ನೆರಡು ಹಂದಿಗಳಿಗೂ ಬಲದೊಡ್ಡಿಯ ಹನ್ನೆರಡಕ್ಕೂ ಒಟ್ಟಾರೆ ಎರಡು ಕಿಲೋ ವ್ಯತ್ಯಾಸವೂ ಇರಲಿಲ್ಲ. ಬಿಳಿ ಕೋಟು ಹಾಕಿಕೊಂಡಿದ್ದರಿಂದ ಅವಳು ಕುಣಿಯಲಿಲ್ಲ, ಅಷ್ಟೇ.

ಅವಳು ಕೆಲಸ ಮಾಡುವ ಪಶು ಆಹಾರ ಕಾರ್ಖಾನೆಗೆ ಸೋಯಾ ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ಹಂದಿಗಳಿಗಿಂತ ಮೊದಲು ಸಾಹೇಬರು ಒರಲುತ್ತಿದ್ದರು. ಸೋಯಾ ಬದಲು ಒಣಗಿಸಿದ ನೊಣದ ಹುಳು ಹಾಕಿದರೂ ಹಂದಿ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ ಎಂದು ಸೊಸೆ ವರ್ಷವಿಡೀ ಅವರ ತಲೆ ತಿಂದು ಈ ಪರೀಕ್ಷೆಗೆ ಒಪ್ಪಿಸಿದ್ದಳು. ನಲವತ್ತು ದಿನ ಎಡದವಕ್ಕೆ ಸೋಯಾ, ಬಲದವಕ್ಕೆ ಹುಳು. ಮೇವು ಹಾಕಲು ನಂಬಿಕಸ್ಥರು ಬೇಕೆಂದು ತನ್ನ ಮಾವನನ್ನೇ ಕೆಲಸಕ್ಕೆ ಸೇರಿಸಿದ್ದಳು. ಮೂವತ್ತು ವರ್ಷ ಹಾಸ್ಟೆಲೊಂದರಲ್ಲಿ ಮಕ್ಕಳಿಗೆ ಬಡಿಸಿ ನಿವೃತ್ತರಾದವರು ಅವರು.

ಆ ಮಾವ ಈಗ ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದರು. ಏನಾಯಿತೆಂದು ಸೊಸೆ ಕೇಳಿದಳು.

“ಬೈಬೇಡಮ್ಮ. ನಾಲ್ಕನೇ ದಿನದಿಂದ ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದು, ಕಲಸಿ, ಎಲ್ಲರಿಗೂ ಸಮವಾಗಿ ಹಾಕ್ತಿದ್ದೆ.”

ಸೊಸೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು. ಮಾವ ತಪ್ಪಿತಸ್ಥನ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಬಲದವು ಹುಳುವನ್ನು ಕರುಂ ಕುರುಂ ಎಂದು ಅಗಿಯುವಾಗ ಎಡದವು ಗೋಡೆಗೆ ಮುಂಗಾಲು ಕೊಟ್ಟು, ಹನ್ನೆರಡೂ ಸಾಲಾಗಿ ನಿಂತು ನೋಡುತ್ತಿದ್ದವಂತೆ. ಬಾನಿಯಲ್ಲಿ ಸೋಯಾ ಹಾಗೇ ಉಳಿಯುತ್ತಿತ್ತಂತೆ. ಅದರಲ್ಲೂ ಹೆಡ್‌ಮಾಸ್ಟರ್ ಎಂದು ತಾವೇ ಹೆಸರಿಟ್ಟ ದಪ್ಪ ಕಿವಿಯ ಹಂದಿ ತಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಮೈಯೆಲ್ಲ ಹಿಡಿಯಾಯಿತಂತೆ.

“ಪಂಕ್ತಿಭೇದ ಮಾಡೋಕೆ ಕೈ ಬರಲಿಲ್ಲಮ್ಮ,” ಎಂದರು.

ಸೊಸೆ ಯಾರಿಗೂ ಹೇಳದೆ ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. ಸಾಹೇಬರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು, ಹೊಸ ಹಂದಿಗಳು ಬರುತ್ತವೆ, ಇನ್ನೊಂದು ಸಲ ಅವಕಾಶ, ಇದೇ ಕೊನೆ, ಈ ಸಲ ಮೇವು ನೀನೇ ಹಾಕು, ನಿಮ್ಮ ಮಾವ ಡ್ರಮ್ಮಿನ ಹತ್ತಿರ ಸುಳಿಯಬಾರದು ಎಂದರು.

ಸೊಸೆ ಮೈಯೆಲ್ಲ ಕಣ್ಣಾದಳು. ಎರಡು ದೊಡ್ಡಿಗಳ ನಡುವಿನ ಗೋಡೆಯ ಮೇಲೆ ಆಳೆತ್ತರದ ತಗಡು ಹೊಡೆಸಿದಳು. ಹುಳುವಿನ ಡ್ರಮ್ಮಿಗೆ ಬೀಗ ಹಾಕಿ ಬೀಗದ ಕೈಯನ್ನು ಕೊರಳಲ್ಲಿ ಕಟ್ಟಿಕೊಂಡಳು. ಮಾವನಿಗೆ ನೆಲ ತೊಳೆಯುವ ಕೆಲಸ ಮಾತ್ರ. ಅವರು ಪೈಪು ಹಿಡಿದರು.

ತಗಡು ಹಂದಿಗಳ ಕಣ್ಣು ಮರೆಸಿತು. ಕಿವಿ ಮರೆಸಲಿಲ್ಲ. ಆ ಕಡೆ ಕರುಂ ಕುರುಂ ಶುರುವಾದ ಕೂಡಲೇ ಎಡದವು ಸೋಯಾ ಬಿಟ್ಟು ಬಂದು ತಗಡಿಗೆ ಕಿವಿ ಆನಿಸಿ ನಿಲ್ಲುತ್ತಿದ್ದವು. ಕೂಗುತ್ತಲೂ ಇರಲಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವು. ಐದನೇ ದಿನ ಸೊಸೆ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟಳು. ಆರನೇ ದಿನ ಅವಳು ಊಟದ ಡಬ್ಬಿಯನ್ನೇ ತೆರೆಯಲಿಲ್ಲ. ಮಾವ ಎಲ್ಲವನ್ನೂ ನೋಡುತ್ತಿದ್ದರು.

ಒಂಬತ್ತನೇ ದಿನ ಅವರು ಪೈಪು ಎಳೆದುಕೊಂಡು ಎಡದೊಡ್ಡಿಗೆ ಬಂದಾಗ ಸೊಸೆ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಿಳಿ ಕೋಟಿನ ಎರಡೂ ಜೇಬು ಉಬ್ಬಿದ್ದವು. ಸುತ್ತ ಹಂದಿಗಳು. ಅವಳ ಅಂಗೈ ತುಂಬ ಹುಳು.

ಮಾವನನ್ನು ಕಂಡು ಅವಳ ಮುಖ ಕೆಂಪೇರಿತು.

“ಒಂದೊಂದೇ ಹಿಡಿ, ಮಾವ. ಬರೀ ರುಚಿಗೆ.”

ಮಾವ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಪೈಪು ಕೆಳಗಿಟ್ಟು, ದನಿ ತಗ್ಗಿಸಿದರು.

“ಆ ಮೂಲೇಲಿರೋ ಸಣ್ಣದಕ್ಕೆ ಇನ್ನೂ ಬಂದಿಲ್ಲ, ನೋಡು.”