ಸೀಗೆಪುಡಿ ಚಿಕ್ಕಬಸಮ್ಮನ ಕೂಗು

ಸೀಗೆಪುಡಿಯ ಫೋಟೋದ ಕೆಳಗೆ ಲೋಕೇಶ್ವರಿ ಹದಿನೇಳು ಹ್ಯಾಶ್‌ಟ್ಯಾಗ್ ಹಾಕಿ ಒಂಬತ್ತು ದಿನವಾಗಿತ್ತು. ಬಂದದ್ದು ನಾಲ್ಕೇ ಲೈಕು. ಅದರಲ್ಲಿ ಒಂದು ಗಂಡ ಮಣಿಕಂಠನದು, ಇನ್ನೊಂದು ಅವಳದೇ. ಪುಡಿ ಬೇಕು ಎಂದವರು ಮಾತ್ರ ಒಬ್ಬರೂ ಇಲ್ಲ. ನಡುಮನೆಯಲ್ಲಿ ಎರಡು ಮೂಟೆ ಪುಡಿ ಹಾಗೇ ಕೂತಿತ್ತು. ಹೊರಗೆ ನೋಡಿದರೆ ದಿಂಬಂ ಘಾಟಿಯ ಕಡೆಯಿಂದ ಮೋಡ ಏರುತ್ತಿದೆ. ಮಳೆ ಹಿಡಿದು ತಂಡಿ ತಾಕಿತೋ, ಪುಡಿ ಗಂಟು ಕಟ್ಟಿ ಬೂಷ್ಟು ಹಿಡಿಯುತ್ತದೆ. ಆಮೇಲೆ ತಿಪ್ಪೆಗೇ ಸರಿ.

"ಇದು ಓಗ್ನಿಲ್ಲ ಅಂದ್ರೆ ಮುಂದ್ಲ ವರ್ಸ ಸೀಗೆಕಾಯಿ ತರೋದೇ ಬ್ಯಾಡ ಕಣಮ್ಮಿ. ಒನಕೆ ಮೂಲೆ ಸೇರ್ಲಿ," ಎಂದಳು ಅತ್ತೆ ಚಿಕ್ಕಬಸಮ್ಮ. ಜಗುಲಿಯ ಮೇಲೆ ಕಾಲು ನೀಡಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಬಾಯಲ್ಲೇನೋ ಹಾಗೆಂದಳು, ಆದರೆ ಕಣ್ಣು ಒಳಗಿನ ಮೂಟೆಗಳ ಕಡೆಗೇ ಹೋಯಿತು. ನಲವತ್ತು ವರ್ಷ ತಲೆಯ ಮೇಲೆ ಕುಕ್ಕೆ ಹೊತ್ತು ಈ ಬೆಟ್ಟದ ಊರೂರು ಸುತ್ತಿದವಳು ಅವಳು. ಮೂರು ವರ್ಷದ ಹಿಂದೆ ಮಂಡಿ ಕೈಕೊಟ್ಟಿತು. ಅಂದಿನಿಂದ ಕುಕ್ಕೆ ಅಟ್ಟ ಹತ್ತಿತ್ತು.

"ಅದೇನ್ ಬರ್ದಿದ್ದೀಯ, ಓದು ನೋಡಾನ."

"ನ್ಯಾಚುರಲ್ ಹೇರ್‌ಕೇರ್, ಕೆಮಿಕಲ್ ಫ್ರೀ, ಹರ್ಬಲ್ ಬ್ಯೂಟಿ... ತಮಿಳಲ್ಲೂ ನಾಕು ಆಕಿವ್ನಿ. ನೋಡಿ ಅತ್ತೆ, ಈ ಅಡ್ಡಗೆರೆ ಉದ್ದಗೆರೆ ಗುರುತು ಆಕಿ ಏನ್ ಬರೀತೀವೋ, ಅದು ಬೀದೀಲಿ ಕೂಗ್ದಂಗೆ. ಬೇಕಾದೋರ ಕಿವಿಗೆ ಬೀಳುತ್ತೆ."

"ಸರಿ, ಯಾರ್ನ ಕೂಗ್ದೆ?"

"ಇಂತೋರು ಅಂತ ಇಲ್ಲ. ಎಲ್ಲಾರ್ನೂವೆ."

"ಅಯ್ಯೋ ನಿನ್ ಮನೆ ಆಳಾಗ!" ಎಂದಳು ಚಿಕ್ಕಬಸಮ್ಮ, ಅದು ತನ್ನದೇ ಮನೆ ಎಂಬುದನ್ನು ಮರೆತು. "ಎಲ್ಲಾರ್ನೂ ಕೂಗುದ್ರೆ ಯಾರ್ ಎದ್ದು ಬಂದಾರು? ನಾ ಯಾವತ್ತಾರ ಪುಡಿ ಎಸ್ರು ಇಡ್ದು ಕೂಗಿದ್ನಾ?"

ನಿಜವೇ, ಕೂಗಿದವಳಲ್ಲ. ಅವಳ ಬಾಯಲ್ಲಿ ಬರುತ್ತಿದ್ದುದು ಮನೆಯಾಕೆಯ ಹೆಸರು. ಊರಬಾಯಿಂದ ಹಿಡಿದು ಕೊನೆಯ ಮನೆಯವರೆಗೆ ಸರದಿ ತಪ್ಪುವಂತಿರಲಿಲ್ಲ. ಒಂದು ಬಾಗಿಲು ಬಿಟ್ಟರೂ ಮುಂದಿನ ಸಲ ಆ ಮನೆಯಾಕೆ, "ನಾನೇನ್ ಸತ್ತೋಗಿದ್ನಾ, ನನ್ನ ಯಾಕ್ ಕೂಗ್ನಿಲ್ಲ?" ಎಂದು ಜಗಳಕ್ಕೆ ನಿಲ್ಲುವಳು. ಜೀರಹಳ್ಳಿಯ ಕೆಂಚಮ್ಮನದಂತೂ ಹಿತ್ತಲಿಂದಲೇ ಆರ್ಭಟ: "ಇರಕ್ಕೋ, ಬಂದೆ! ಓಗ್ಬುಟ್ಟೀಯ!" ಆ ದನಿ ಕೇಳಿದ್ದೇ ತಡ, ಚಿಕ್ಕಬಸಮ್ಮ ಎರಡೂ ಕೈಯೆತ್ತಿ ಕುಕ್ಕೆ ಇಳಿಸುತ್ತಿದ್ದಳು. ಸೆರಗಿನ ತುಂಬ ಅವರೆಕಾಯಿ ಕಟ್ಟಿಕೊಂಡೇ ಕೆಂಚಮ್ಮ ಓಡಿ ಬರುವಳು. ಪುಡಿ ಮೂಸಿ ಮೂರು ಸಲ ಸೀನಿದರೆ ಮಾತ್ರ ಅವಳ ಪಾಲಿಗೆ ಸರಕು ಒಳ್ಳೆಯದು. ಎರಡೇ ಸೀನು ಬಂದರೆ, "ಈ ಸಲ ಮೆಂತ್ಯ ಜಾಸ್ತಿ ಆಕ್ಬುಟ್ಟಿದ್ದೀಯ," ಎಂದು ಮೂತಿ ತಿರುವುವಳು. ನೆನೆದು ಚಿಕ್ಕಬಸಮ್ಮನಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಎಂಥ ದಿನಗಳು!

"ಬರ್ಕೊ," ಎಂದಳು ಸೊಸೆಗೆ. "ಜೀರಳ್ಳಿ ಪುಟ್ಟನಂಜಮ್ಮ. ಅರಳೀಮರದ ಚೌಡಮ್ಮ. ಮೂಲೆಮನೆ ಸಾಕಮ್ಮ..." ಕಣ್ಣು ಮುಚ್ಚಿ, ಬೀದಿಯಲ್ಲಿ ನಡೆಯುತ್ತಿರುವಂತೆ ಒಂದೊಂದೇ ಹೆಸರು ಹೇಳುತ್ತ ಹೋದಳು. "ಕೆಂಚಮ್ಮ."

ಲೋಕೇಶ್ವರಿಯ ಬೆರಳು ನಿಂತಿತು. "ಅತ್ತೆ, ಅವರು ತೀರೋಗಿ ಎಲ್ಡು ವರ್ಸ ಆಯ್ತಲ್ಲ."

"ನಂಗೊತ್ತಿಲ್ವಾ? ಈ ಆಳು ಮಂಡಿ ದೆಸೆಯಿಂದ ಮಣ್ಣಿಗೂ ಓಗಕ್ಕಾಗ್ನಿಲ್ಲ ನಂಗೆ. ನೀನ್ ಕೂಗು. ಅವಳ ಬಾಗ್ಲ ಬುಟ್ಟು ಮುಂದುಕ್ಕೋದ್ರೆ ಸುಮ್ಕಿದ್ದಾಳಾ ಅವ್ಳು?"

ಲೋಕೇಶ್ವರಿ #ಜೀರಹಳ್ಳಿಕೆಂಚಮ್ಮ ಎಂದು ಬರೆದಳು. ಹೀಗೆ ಇಪ್ಪತ್ತೆಂಟು ಹೆಸರಾದವು. ಇದನ್ನು ನೋಡಿ ನಗದವರು ಯಾರು ಎಂದುಕೊಳ್ಳುತ್ತಲೇ ಹಾಕಿಬಿಟ್ಟಳು.

ನಕ್ಕವನು ಪುಟ್ಟನಂಜಮ್ಮನ ಮೊಮ್ಮಗ ಪ್ರಸಾದ್. ತಾಳವಾಡಿಯ ಮೊಬೈಲ್ ಅಂಗಡಿಯಲ್ಲಿ ಕೂತವನ ಕಣ್ಣಿಗೆ ಅಜ್ಜಿಯ ಹೆಸರು ಬಿತ್ತು. ನಕ್ಕು, "ಯಾರ್ ಯಾರ ಅಜ್ಜಿ ಅವ್ರೆ ನೋಡ್ಕೊಳ್ರಪ್ಪಾ" ಎಂದು ಊರಿನ ವಾಟ್ಸಾಪ್ ಗುಂಪಿಗೆ ತಳ್ಳಿದ. ಅಲ್ಲಿಂದ ಅದು ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಫೋನಿಗೆಲ್ಲ ಹೋಯಿತು. ಮೂರನೆಯ ದಿನ ಲೋಕೇಶ್ವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಒಬ್ಬಳು ಚಾಮರಾಜನಗರದಿಂದ, ಒಬ್ಬಳು ಸತ್ಯಮಂಗಲದಿಂದ. ತನ್ನವ್ವನ ಹೆಸರು ಬಿಟ್ಟದ್ದಕ್ಕೆ ಇನ್ನೊಬ್ಬಳು ಜಗಳಕ್ಕೇ ಬಂದಳು. ಬೈದು ಮುಗಿಸಿ ಎರಡು ಸೇರು ಪುಡಿ ಹೇಳಿದಳು. ಸಂಜೆಯ ಹೊತ್ತಿಗೆ ಒಂದು ಮೂಟೆ ಪೂರ್ತಿ ಹೇಳಿಯಾಗಿತ್ತು, ಇನ್ನೊಂದರ ಬಾಯಿ ಬಿಚ್ಚಿತ್ತು. ಮೋಡವಿನ್ನೂ ಬೆಟ್ಟದ ನೆತ್ತಿಯಲ್ಲೇ ಇತ್ತು.

"ಅತ್ತೆ, ಕೆಂಚಮ್ಮತ್ತೆ ಮಗಳು ರೇವತಕ್ಕ ಕೊಳ್ಳೇಗಾಲದಿಂದ ಏನೋ ಮಾತಾಡಿ ಕಳ್ಸವ್ರೆ," ಎಂದು ಲೋಕೇಶ್ವರಿ ಫೋನನ್ನು ಅತ್ತೆಯ ಮುಂದೆ ಹಿಡಿದು ಒತ್ತಿದಳು.

"ಇರಕ್ಕೋ, ಬಂದೆ! ಓಗ್ಬುಟ್ಟೀಯ!"

ಮಗಳ ಬಾಯಲ್ಲಿ ತಾಯಿಯದೇ ದನಿ, ಅದೇ ಆರ್ಭಟ. ಜಗುಲಿಯ ಮೇಲೆ ಕೂತಿದ್ದ ಚಿಕ್ಕಬಸಮ್ಮನ ಎರಡೂ ಕೈ ತಾವಾಗಿಯೇ ಮೇಲೆದ್ದು, ತಲೆಯ ಮೇಲಿಲ್ಲದ ಕುಕ್ಕೆಯನ್ನು ಹಿಡಿದವು.