ಬುಟ್ಟಿಯೊಳಗಿನ ಗುಂಡುಕಲ್ಲು

ಹಲ್ಲು ಮೂಡುವ ತನಕ ಕೂಸುಗಳಿಗೆ ಭಾರವಿರುವುದಿಲ್ಲ. ಅದಕ್ಕೇ ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಒರಳಿನ ಗುಂಡುಕಲ್ಲು ಇಟ್ಟು, ಆಮೇಲೆ ಕೂಸನ್ನು ಮಲಗಿಸುತ್ತಾರೆ. ಶಾಂಭವಿಯೂ ಅಷ್ಟೇ. ರೊಟ್ಟಿ ಬಡಿಯುವಾಗ ಮಗಳನ್ನು ಬುಟ್ಟಿಯಲ್ಲಿ ಕೂರಿಸಿ, ಉಡಿದಾರವನ್ನು ಗುಂಡುಕಲ್ಲಿಗೆ ಬಿಗಿದು, ಆಡಲು ಮರದ ಚಮಚ ಕೊಡುತ್ತಿದ್ದಳು.

ಅವತ್ತು ಮಿಕ್ಸರ್ ಕೆಟ್ಟಿತ್ತು. ಗಂಡ ಬಸವಂತ ಪಡಸಾಲೆಯಲ್ಲಿ ಊಟಕ್ಕೆ ಕೂತು ಚಟ್ನಿ ಬೇಕೆಂದ. ಶಾಂಭವಿ ನೀರು ತರಲು ಹಿತ್ತಲಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಅತ್ತೆ ಚಟ್ನಿ ಅರೆದು ಬಡಿಸಿಯೂ ಆಗಿತ್ತು. ಗುಂಡುಕಲ್ಲು ಒರಳಲ್ಲಿತ್ತು. ಬುಟ್ಟಿ ಖಾಲಿ.

"ಅತ್ತಿ, ಕೂಸೆಲ್ಲಿ?"

"ಬಾಗಲಾ ಹಾಕ್ಕೊಂಡಽ ಕಲ್ಲ ಬಿಚ್ಚಿದ್ನೆವಾ," ಎಂದು ಅತ್ತೆ ಮೇಲೆ ನೋಡಿದಳು. "ಬೆಳಕಿಂಡಿ ನೆನಪಾಗ್ಲಿಲ್ಲ."

ಶಾಂಭವಿ ಅಂಗಳಕ್ಕೆ ಓಡಿದಳು. ಆಕಾಶದಲ್ಲಿ ಸಾಸಿವೆಯಷ್ಟು ಕಪ್ಪು ಕಾಣಿಸಿತು, ಆಮೇಲೆ ಅದೂ ಕಾಣಿಸಲಿಲ್ಲ. ಮರದ ಚಮಚ ಮಾತ್ರ ಅವಳ ಕಾಲ ಬಳಿ ಬಂದು ಬಿತ್ತು.

ಒಳಗೆ ಬಸವಂತ ತಾಟಿನಿಂದ ತಲೆ ಎತ್ತಲಿಲ್ಲ. "ಅಳಬ್ಯಾಡ, ಇನ್ನೊಂದ ಹುಟ್ಟತೈತಿ. ಚಟ್ನಿಗೆ ಉಪ್ಪ ಕಮ್ಮಿ ಆಗೇತಿ ನೋಡ."

ಶಾಂಭವಿ ಚಮಚದ ಮಣ್ಣು ಒರೆಸಿಕೊಂಡು, ಅದರಲ್ಲೇ ಉಪ್ಪು ಬಡಿಸತೊಡಗಿದಳು. ಅವನು ಸಾಕು ಸಾಕೆಂದರೂ ಡಬ್ಬಿ ಬರಿದಾಗುವ ತನಕ ಬಡಿಸಿದಳು.